ಗಾಳಿಯಿಲ್ಲದ ಚಕ್ರ, ಹಳೆಯ ಗಾಡಿ

ನಮ್ಮ ಅಣ್ಣ ಹೊಸೂರು ಸೀಮೆಯ ಕನ್ನಡ ಶಾಲೆಯೊಂದರಲ್ಲಿ ಮೇಷ್ಟರಾಗಿದ್ದವರು. ಅವರ ಟಿ.ವಿ.ಎಸ್. 50 ಈಗಲೂ ಮನೆಯ ಜಗಲಿಯಲ್ಲಿ ನಿಂತಿದೆ. 1980ರಲ್ಲಿ ಹೊಸೂರಿನ ಕಾರ್ಖಾನೆಯಲ್ಲಿಯೇ ತಯಾರಾಗಿ ಹೊರಬಂದ ಈ ಮೊಪೆಡ್ಡು, ಇಬ್ಬರು ಕುಳಿತು ಹೋಗಬಹುದಾದ ಹಗುರ ಗಾಡಿಯೆಂದು ನಮ್ಮ ಕಡೆ ಮನೆಮಾತಾಗಿತ್ತು. ಪ್ರತಿವರ್ಷ ಜೂನ್ ತಿಂಗಳಲ್ಲಿ ಪಠ್ಯಪುಸ್ತಕಗಳ ಕಟ್ಟನ್ನು ಹಿಂದೆ ಬಿಗಿದುಕೊಂಡು, ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಿರೆಂದು ಅಣ್ಣ ಮನೆಮನೆಗೆ ಅಲೆದದ್ದು ಇದರ ಮೇಲೆಯೇ. ಅವರು ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

ಕಳೆದ ವರ್ಷ ಅಣ್ಣನ ಮಗ ಅದಕ್ಕೆ ಮತ್ತೆ ಜೀವ ಕೊಟ್ಟ. ಅತ್ತಿಗೆಯವರಿಗೆ ಒಂದೇ ಅಂಜಿಕೆ: ಜಾಲಿಮುಳ್ಳಿನ ದಾರಿಯಲ್ಲಿ ಹೊತ್ತು ಮುಳುಗಿದ ಮೇಲೆ ಪಂಕ್ಚರ್ ಆದರೆ ಗತಿಯೇನು? "ಚಿಕ್ಕಪ್ಪ, ಗಾಳಿಯೇ ಬೇಡದ ಟೈರು ಸಿಗುತ್ತದಂತೆ, ಹಾಕಿಸಿಬಿಡೋಣ" ಎಂದ ಹುಡುಗ. ನಾನೂ ಹೂಂಗುಟ್ಟಿದೆ. ಎರಡು ಚಕ್ರಗಳಿಗೂ ಒಳಗೆಲ್ಲ ಗಟ್ಟಿ ರಬ್ಬರೇ ತುಂಬಿದ ಟೈರುಗಳು ಬಂದವು.

ಪಂಕ್ಚರ್ ಆಗಲಿಲ್ಲ, ನಿಜ. ಆದರೆ ಎರಡೇ ತಿಂಗಳಲ್ಲಿ ಹಿಂದಿನ ಚಕ್ರದ ಕಡ್ಡಿಗಳು ಸಡಿಲಗೊಂಡವು, ಮಡ್‌ಗಾರ್ಡು ಬಿರುಕುಬಿಟ್ಟಿತು. ಕೊನೆಗೆ ಒಂದು ತುಂತುರು ಮಳೆಯ ಸಂಜೆ ಬ್ರೇಕು ಹಿಡಿದಾಗ ಗಾಡಿ ಜಾರಿ, ಹಿಂದೆ ಕುಳಿತಿದ್ದ ಅತ್ತಿಗೆಯವರ ಮೊಣಕೈ ತರಚಿತು. ಅಷ್ಟಕ್ಕೇ ಮುಗಿದದ್ದು ನಮ್ಮ ಪುಣ್ಯ. ಹೂಂಗುಟ್ಟಿದ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ಈ ತಿಂಗಳ ಅಂಕಣವನ್ನು ಬರೆಯುತ್ತಿದ್ದೇನೆ.

ಟೈರಿನೊಳಗಿನ ಗಾಳಿ ಬರಿಯ ಶೂನ್ಯವಲ್ಲ. ಭಾರವನ್ನು ಹೊರುವುದೇ ಅದು. ಹಿಂದಿನ ಚಕ್ರದ ಮೇಲೆ 100 ಕಿಲೋ ಭಾರವಿದ್ದು, ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ 2 ಕಿಲೋ ಇದ್ದರೆ, ನೆಲಕ್ಕೆ ಅಂಟುವ ಭಾಗ ಸ್ಥೂಲವಾಗಿ 50 ಚದರ ಸೆಂಟಿಮೀಟರು. ಅಂಗೈಗಿಂತ ಕಿರಿದಾದ ಆ ತುಣುಕೇ ನಮ್ಮನ್ನು ರಸ್ತೆಗೆ ಹಿಡಿದಿಡುವುದು. ಕಲ್ಲು ಎದುರಾದಾಗ ಟೈರು ಕುಗ್ಗಿ, ಕಲ್ಲನ್ನು ಒಳಕ್ಕೆ ನುಂಗಿಕೊಂಡು, ಮತ್ತೆ ಮೊದಲಿನಂತಾಗುತ್ತದೆ. ಹಗುರ ಗಾಡಿಗಳ ಸ್ಪ್ರಿಂಗು ಚಿಕ್ಕದಾದುದರಿಂದ ಹೊಡೆತವನ್ನು ತಡೆಯುವ ಕೆಲಸದ ದೊಡ್ಡ ಪಾಲು ಈ ಗಾಳಿಯದೇ. ಗಟ್ಟಿ ರಬ್ಬರು ಅಷ್ಟು ಬಾಗುವುದಿಲ್ಲ. ಹೊಡೆತವೆಲ್ಲ ಕಡ್ಡಿಗೆ, ರಿಮ್ಮಿಗೆ, ಸವಾರನ ಬೆನ್ನಿಗೆ ದಾಟುತ್ತದೆ. ಕಬ್ಬಿಣದ ಪಟ್ಟಿಯ ಎತ್ತಿನ ಗಾಡಿಗೂ ಟೈರು ಗಾಡಿಗೂ ಇರುವ ವ್ಯತ್ಯಾಸವನ್ನು ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ.

ಈ ಪಾಠವನ್ನು ಲೋಕ ಒಮ್ಮೆ ಕಲಿತದ್ದೇ. ಗಾಳಿ ತುಂಬಿದ ಚಕ್ರಕ್ಕೆ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ 1845ರಲ್ಲಿಯೇ ಪೇಟೆಂಟ್ ಪಡೆದಿದ್ದರೂ ಅದು ಮರೆತುಹೋಗಿತ್ತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ತಮ್ಮ ಮಗನ ಮೂರುಗಾಲಿ ಸೈಕಲ್ಲಿಗಾಗಿ ಅದನ್ನು ಹೊಸದಾಗಿ ಕಂಡುಕೊಂಡರು. ಅಲ್ಲಿಯವರೆಗೆ ಸೈಕಲ್ಲುಗಳು ಗಟ್ಟಿ ರಬ್ಬರಿನ ಮೇಲೆಯೇ ಓಡುತ್ತಿದ್ದವು.

ಗಟ್ಟಿ ಟೈರು ನಿಷ್ಪ್ರಯೋಜಕವೆಂದು ಇದರ ಅರ್ಥವಲ್ಲ. ಕಾರ್ಖಾನೆಯೊಳಗೆ ನಿಧಾನವಾಗಿ ಸರಕು ಎತ್ತಿಡುವ ಯಂತ್ರಗಳಿಗೆ ಅದೇ ಸರಿ. ವೇಗ ಹೆಚ್ಚಿದರೆ ಮಾತ್ರ ರಬ್ಬರು ಒಳಗೊಳಗೇ ಕಾಯುತ್ತದೆ, ಆ ಶಾಖ ಬೇಗ ಹೊರಹೋಗದು. ಕಾಡುಮೇಡಿನ ಪಂದ್ಯದ ಬೈಕುಗಳಲ್ಲಿ ಟ್ಯೂಬಿನ ಬದಲು ನೊರೆರಬ್ಬರಿನ ಬಳೆ ಇಡುವುದುಂಟು; ಅದು ಡಾಂಬರು ರಸ್ತೆಗಾಗಿ ಮಾಡಿದ್ದಲ್ಲ. ಮಿಶೆಲಿನ್ ಕಂಪೆನಿ 2005ರಲ್ಲಿ ಪ್ರಕಟಿಸಿದ 'ಟ್ವೀಲ್' ಎಂಬ ಚಕ್ರದಲ್ಲಿ ಗಾಳಿಯ ಬದಲು ಬಾಗುವ ಪಾಲಿಯುರೆಥೇನ್ ಕಡ್ಡಿಗಳಿವೆ. ಅದೂ ನಮ್ಮ ತಂತಿಕಡ್ಡಿಯ ಚಕ್ರಕ್ಕೆ ಕೂರುವಂಥದಲ್ಲ. ಇನ್ನು ಟ್ಯೂಬ್‌ಲೆಸ್ ಎಂಬುದೇ ಬೇರೆ: ಅದರಲ್ಲಿ ಟ್ಯೂಬಿಲ್ಲ, ಗಾಳಿಯಿದೆ. ಸಾಮಾನ್ಯ ಕಡ್ಡಿಚಕ್ರದ ರಿಮ್ಮಿನ ತೂತುಗಳಿಂದ ಗಾಳಿ ಸೋರುವುದರಿಂದ ಹಳೆಯ ಗಾಡಿಗೆ ಅದೂ ಹೊಂದದು.

ಹಾಗಾದರೆ ಮುಳ್ಳಿಗೆ ಮದ್ದೇನು? ನಮ್ಮೂರಿನ ಹಿರಿಯ ಮೆಕ್ಯಾನಿಕ್ಕರು ಹೇಳಿದ್ದಿಷ್ಟು: "ಸಾರ್, ಟೈರು ಹೊಸದಿರಲಿ, ಟ್ಯೂಬು ಒಳ್ಳೆಯದಿರಲಿ, ಗಾಳಿ ಸರಿಯಿರಲಿ. ಮುಕ್ಕಾಲು ಪಂಕ್ಚರ್ ಅಲ್ಲಿಗೇ ನಿಂತವು." ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಓದಲು ಕಲಿಯಿರಿ. 3524 ಎಂದಿದ್ದರೆ ಅದು 2024ರ 35ನೆಯ ವಾರದಲ್ಲಿ ತಯಾರಾದದ್ದು. ಗೆರೆಗಳು ಸವೆಯದಿದ್ದರೂ ವರ್ಷಗಳುರುಳಿದಂತೆ ರಬ್ಬರು ಬಿರಿಯುತ್ತದೆ. ಕಡ್ಡಿಯ ತುದಿ ಟ್ಯೂಬನ್ನು ಚುಚ್ಚದಂತೆ ರಿಮ್ಮಿನೊಳಗಿನ ರಬ್ಬರು ಪಟ್ಟಿಯನ್ನು ಬದಲಿಸಿರಿ. ಗಾಡಿ ತಣ್ಣಗಿರುವಾಗ ವಾರಕ್ಕೊಮ್ಮೆ ಗಾಳಿಯನ್ನು ಅಳೆಯಿರಿ. ಟೈರಿಗೆ ಚುಚ್ಚಿಕೊಂಡ ಮುಳ್ಳನ್ನು ಅಂದಂದೇ ಕಿತ್ತುಬಿಡಿರಿ. ಇಂದು ಅರ್ಧ ಇಳಿದದ್ದು ನಾಳೆ ಟ್ಯೂಬನ್ನು ಮುಟ್ಟುತ್ತದೆ.

ಹುಡುಗ ಈಗ ಟ್ಯೂಬು ಟೈರಿಗೇ ಮರಳಿದ್ದಾನೆ. ಸೀಟಿನ ಪಕ್ಕದ ಚೀಲದಲ್ಲಿ ಪ್ಯಾಚು, ಸೊಲ್ಯೂಷನ್ನು, ಸಣ್ಣ ಪಂಪು ಇವೆ. ಪ್ಯಾಚು ಹಾಕುವುದನ್ನು ತಾನೇ ಕಲಿತಿದ್ದಾನೆ. ಹಿಂದೆ ಅಣ್ಣನೂ ದಾರಿಬದಿಯ ಹುಣಸೆಮರದ ಕೆಳಗೆ ಕುಳಿತು ಅದನ್ನೇ ಮಾಡುತ್ತಿದ್ದರು. ಈ ಜೂನ್‌ನಲ್ಲಿ ಶಾಲೆಯ ಪುಸ್ತಕದ ಕಟ್ಟೊಂದನ್ನು ಆ ಗಾಡಿಯ ಮೇಲೆಯೇ ಸಾಗಿಸಿದ. ಅತ್ತಿಗೆಯವರು ಬಾಗಿಲಲ್ಲಿ ನಿಂತು, "ಗಾಳಿ ನೋಡಿದೆಯೇನಪ್ಪಾ?" ಎಂದು ಕೇಳಿಯೇ ಅವನನ್ನು ಕಳುಹಿಸಿದರು.