ಕಲ್ಲಿದ್ದಲು ನಿಂತರೆ ಕೆಲಸ ಎಲ್ಲಿ?

"ಕಲ್ಲಿದ್ದಲು ನಿಂತರೆ ನಮ್ಮ ಮಕ್ಕಳ ಕೆಲಸದ ಗತಿಯೇನು ಮಾಷ್ಟ್ರೇ?" ಎಂದು ಪಣಂಬೂರು ಕಡೆಯ ಹೆತ್ತವರು ಕೇಳುವುದುಂಟು. ಕೇಳಬೇಕಾದದ್ದೇ. ನವಮಂಗಳೂರು ಬಂದರಿನಲ್ಲಿ ಇಳಿಯುವ ವಿದೇಶಿ ಕಲ್ಲಿದ್ದಲು ರೈಲಿನಲ್ಲಿ ಎಲ್ಲೂರಿನ 1,200 ಮೆಗಾವಾಟ್ ಸ್ಥಾವರಕ್ಕೆ ಹೋಗುತ್ತದೆ. ಇಳಿಸಲು, ಸಾಗಿಸಲು, ಉರಿಸಲು, ಬೂದಿ ಹೊರಲು ದಿನವೂ ಜನ ಬೇಕು. ಬಿಸಿಲನ್ನು ಯಾವ ಹಡಗಿನಿಂದಲೂ ಇಳಿಸಬೇಕಾಗಿಲ್ಲ ನೋಡಿ!

ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯ, 2,050 ಮೆಗಾವಾಟ್‌ನ ಸೌರ ಪಾರ್ಕ್ 2019ರಲ್ಲಿ ಪೂರ್ಣಗೊಂಡಿತು. ಫಲಕ ಜೋಡಿಸುವಾಗ ತುಂಬ ಜನರಿಗೆ ಕೆಲಸವಿತ್ತು. ಆಮೇಲೆ ಉಳಿದದ್ದು ಫಲಕ ತೊಳೆಯುವುದು, ಹುಲ್ಲು ಕೊಯ್ಯುವುದು, ಕಾವಲು. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಗೇಣಿ ಬರುತ್ತದೆ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಮಿಯಿಲ್ಲದವರಿಗೆ ಗೇಣಿಯೂ ಇಲ್ಲ, ಕೂಲಿಯೂ ಇಲ್ಲ. ಸೌರಶಕ್ತಿಯನ್ನು ಹೊಗಳುವಾಗ ನಾವು ಇದನ್ನು ಮಕ್ಕಳಿಗೆ ಹೇಳುವುದೇ ಇಲ್ಲ.

ಮನೆಯ ಮಾಡಿನ ಲೆಕ್ಕ ಬೇರೆ. ಒಂದು ಕೋಟಿ ಮನೆಗಳಿಗೆ ಸೌರಫಲಕ ಹಾಕಿಸುವ ಯೋಜನೆಯನ್ನು ಕೇಂದ್ರ ಸರಕಾರ 2024ರಲ್ಲಿ ಆರಂಭಿಸಿತು. ಮನೆಮನೆಗೆ ಹೋಗಿ ಫಲಕ ಕೂರಿಸಬೇಕು, ಇನ್ವರ್ಟರ್ ರಿಪೇರಿ ಮಾಡಬೇಕು; ನಮ್ಮ ಉಪ್ಪುಗಾಳಿಗೆ ತುಕ್ಕು ಹಿಡಿದ ಬೋಲ್ಟು ಬದಲಿಸಬೇಕು. ಇದು ಐಟಿಐ ಇಲೆಕ್ಟ್ರಿಷಿಯನ್ ಕಲಿತವರ ಕೆಲಸ. ಮಾರ್ಕು ಕಡಿಮೆ ಬಂದವರಿಗೆ ಮಾತ್ರ ಐಟಿಐ ಎನ್ನುವ ಹೆತ್ತವರು ಈ ಸಲ ಅರ್ಜಿ ತುಂಬುವ ಮೊದಲು ಕದ್ರಿಯ ಸರಕಾರಿ ಐಟಿಐಗೆ ಒಮ್ಮೆ ಹೋಗಿ ವಿಚಾರಿಸಲಿ.