ಚೋಕಿಗೆ ಕಟ್ಟಿದ ಹುರಿ

ನಮ್ಮ ಅಣ್ಣನ ಮಗ ಅಮೆರಿಕದಲ್ಲಿದ್ದಾನೆ. 2023ರ ಬೇಸಿಗೆಯಲ್ಲಿ ಸಿಂದಗಿಗೆ ಬಂದವನು ತನ್ನ ಫೋನಿನಲ್ಲಿ ನನಗೊಂದು ಫೋಟೋ ತೋರಿಸಿದ. ಅವನ ನೆರೆಮನೆಯ ಮುದುಕ ಮನೆಯ ಗ್ಯಾರೇಜಿನಲ್ಲೇ ಹಳೆಯ ಕಾರೊಂದನ್ನು ನಟ್ಟು-ಬೋಲ್ಟಿನತನಕ ಬಿಚ್ಚಿ ಹರವಿಕೊಂಡು ಕೂತಿದ್ದ. ಕೈಯಲ್ಲಿ ಬಣ್ಣಬಣ್ಣದ ವೈರುಗಳ ದೊಡ್ಡ ಗಂಟು. ಮುಖದಲ್ಲಿ ಮೊಮ್ಮಗನನ್ನು ಎತ್ತಿಕೊಂಡಷ್ಟು ಸಂತೋಷ.

ಅದು ಮಸಲ್ ಕಾರಂತೆ. ಮಧ್ಯಮ ಗಾತ್ರದ ಕಾರಿಗೆ ಭಾರೀ ಎಂಟು ಸಿಲಿಂಡರಿನ ಎಂಜಿನ್ ಕೂಡಿಸಿದರೆ ಆ ಹೆಸರು ಬರುತ್ತದೆ. 1964ರ ಪಾಂಟಿಯಾಕ್ ಜಿಟಿಒ ಈ ಕುಲದ ಹಿರಿಯ ಎನ್ನುತ್ತಾರೆ: 6.4 ಲೀಟರಿನ ಎಂಜಿನ್, 325 ಅಶ್ವಶಕ್ತಿ. 1973ರಲ್ಲಿ ತೈಲದ ಬಿಕ್ಕಟ್ಟು ಬಂದು ಈ ಪೈಲ್ವಾನರ ಕೊಬ್ಬು ಇಳಿಯಿತು. ಆದರೆ ಮಂದಿಯ ಹುಚ್ಚು ಮಾತ್ರ ಇಳಿಯಲಿಲ್ಲ.

"ಕಾಕಾ, ನಮ್ಮ ಬೇವಿನ ಗಿಡದ ಬುಡಕ್ಕೂ ಒಂದು ಅಮೆರಿಕದ ಗಾಡಿ ನಿಂತದಲ್ಲ?" ಎಂದ ಹುಡುಗ.

ನಿಜವೇ. ಅಪ್ಪನ ಜೀಪು. 1968ರ ಮಾದರಿ. ಜೀಪು ಹುಟ್ಟಿದ್ದೇ ಯುದ್ಧಕ್ಕೆ. 1940ರಲ್ಲಿ ಬ್ಯಾಂಟಮ್ ಎಂಬ ಸಣ್ಣ ಕಂಪನಿ ಮೊದಲ ಮಾದರಿ ಕಟ್ಟಿಕೊಟ್ಟಿತು. ಮುಂದೆ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಮಿಕ್ಕಿ ಜೀಪು ಮಾಡಿದವು. ಸ್ವಾತಂತ್ರ್ಯದ ಹೊಸತರಲ್ಲಿ ಅದೇ ವಿಲ್ಲೀಸ್ ಜೀಪನ್ನು ಮಹೀಂದ್ರದವರು ಮುಂಬೈಯಲ್ಲಿ ಜೋಡಿಸತೊಡಗಿದರು. ನಮ್ಮದು ಸಿಜೆ-3ಬಿ. ಎಂಜಿನ್ನೇ ಎತ್ತರವಾದ್ದರಿಂದ ಬಾನೆಟ್ಟೂ ಎತ್ತರ. ಕೇವಲ 2.2 ಲೀಟರು, ನಾಲ್ಕು ಸಿಲಿಂಡರು, ಎಪ್ಪತ್ತರ ಆಸುಪಾಸು ಅಶ್ವಶಕ್ತಿ. ಆದರೆ ಒಂದು ಹದ ಮಳೆ ಬಿದ್ದ ನಮ್ಮ ಎರೆಹೊಲದಲ್ಲಿ ಆ 325 ಕುದುರೆಗಳನ್ನು ಇಳಿಸಿ ನೋಡಿ! ಅಪ್ಪನ ಜೀಪು ನಾಲ್ಕೂ ಗಾಲಿ ತಿರುಗಿಸಿ, ಲಿಂಬಿಹಣ್ಣಿನ ಚೀಲ ಹೊತ್ತು, ಕೆಸರಿನಿಂದ ಎದ್ದು ಬಂದು ಇಂಡಿಯ ದಾರಿ ಹಿಡಿಯುತ್ತಿತ್ತು.

2001ರಲ್ಲಿ ಅಪ್ಪ ತೀರಿಕೊಂಡ ಮೇಲೆ ಅದು ಅಲುಗಲಿಲ್ಲ. ಗುಜರಿಯವರು ಮೂರು ಸಲ ಬಂದು ತೂಕದ ಲೆಕ್ಕ ಹೇಳಿ ಹೋಗಿದ್ದರು. ನಾನು ನಿವೃತ್ತ ಮಾಸ್ತರ. ಹೊತ್ತು ಬೇಕಾದಷ್ಟಿತ್ತು. ಪಾನಾ ಹಿಡಿದೆ.

ಎಂಜಿನ್ನಿನ ಕೆಲಸ ನಾನು ಹೆದರಿದಷ್ಟು ಇರಲಿಲ್ಲ. ಕಾರ್ಬುರೇಟರ್ ಬಿಚ್ಚಿ ತೊಳೆದು, ಟ್ಯಾಂಕಿನ ತುಕ್ಕು ಕೆರೆದು, ಬ್ರೇಕಿನ ರಬ್ಬರುಗಳನ್ನೆಲ್ಲ ಬದಲಿಸಿದ್ದಾಯಿತು. ನನ್ನ ಬೆವರಿಳಿಸಿದ್ದು ವೈರಿಂಗು. ಮೂರು ದಶಕದಲ್ಲಿ ಬಂದ ಒಬ್ಬೊಬ್ಬ ಮಿಸ್ತ್ರಿಯೂ ಒಂದೊಂದು ತುಂಡು ಜೋಡಿಸಿ ಟೇಪು ಸುತ್ತಿದ್ದ. ಮೂಲದ ಬಟ್ಟೆ ಹೊದಿಕೆಯ ವೈರುಗಳನ್ನು ಇಲಿ ತಿಂದಿತ್ತು. ಬ್ರೇಕಿನ ದೀಪಕ್ಕೆ ಮನೆಗೆ ಹಾಕುವ ವೈರು, ಹಾರ್ನಿಗೆ ರೇಡಿಯೋದ ವೈರು. ಫ್ಯೂಜಿನ ಜಾಗದಲ್ಲಿ ಸಿಗರೇಟಿನ ಬೇಗಡೆ! ಇದಕ್ಕೆ ಬೆಂಕಿ ಹತ್ತದಿದ್ದದ್ದೇ ದೊಡ್ಡದು.

ಊರಿನ ವೈರಿಂಗ್ ಮಿಸ್ತ್ರಿ ಒಂದೇ ಮಾತು ಹೇಳಿದ. "ಮಾಸ್ತರ, ತೇಪಿ ಹಚ್ಚಬ್ಯಾಡ್ರಿ. ಎಲ್ಲಾ ಕಿತ್ತು ಒಗೀರಿ. ಒಗಿಯೂ ಮೊದಲ ಕಾಗದದ ಮ್ಯಾಲ ಬರಕೋರಿ."

ಹಾಗೇ ಮಾಡಿದೆ. ಬ್ಯಾಟರಿ ಬಿಚ್ಚಿಟ್ಟು, ಒಂದೊಂದು ವೈರಿಗೂ ಚೀಟಿ ಅಂಟಿಸಿ, ನಕ್ಷೆ ಬರೆದೆ. ಆಮೇಲೆ ಲೆಕ್ಕ. ಅರವತ್ತು ವ್ಯಾಟಿನ ಎರಡು ಹೆಡ್‌ಲೈಟು ಎಂದರೆ 120 ವ್ಯಾಟು. ಹನ್ನೆರಡು ವೋಲ್ಟಿನಿಂದ ಭಾಗಿಸಿದರೆ ಹತ್ತು ಆಂಪಿಯರ್. ಅಷ್ಟು ಕರೆಂಟು ಹಳೆಯ ಸಣ್ಣ ಸ್ವಿಚ್ಚಿನೊಳಗಿಂದ ಹಾಯ್ದರೆ ಅದು ಸುಡುತ್ತದೆ. ಆದ್ದರಿಂದ ನಡುವೆ ರಿಲೇ ಹಾಕಬೇಕು. ಸ್ವಿಚ್ಚು ಅಪ್ಪಣೆ ಕೊಡುತ್ತದೆ, ರಿಲೇ ಭಾರ ಹೊರುತ್ತದೆ. ಹೆಡ್‌ಲೈಟಿಗೆ ಎರಡೂವರೆ ಚದರ ಮಿಲಿಮೀಟರಿನ ವೈರು, ಸಣ್ಣ ದೀಪಕ್ಕೆ ಒಂದರದು. ತಗಡಿನ ತೂತಿನಲ್ಲಿ ವೈರು ದಾಟುವಲ್ಲೆಲ್ಲ ರಬ್ಬರಿನ ಬಳೆ. ಪ್ರತಿ ಸಾಲಿಗೂ ಬೇರೆ ಫ್ಯೂಜು.

ತಿಂಗಳೊಪ್ಪತ್ತಿನ ಮೇಲೆ ಬ್ಯಾಟರಿ ಕೂಡಿಸಿದೆ. ದೀಪ ಹತ್ತಿದವು, ಹಾರ್ನು ಕೂಗಿತು. ಅವ್ವ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಸ್ಟಾರ್ಟರ್ ಒತ್ತಿದೆ. ಟಕ್ ಎಂದಿತು, ಅಷ್ಟೇ. ಬ್ಯಾಟರಿ ಹೊಸದು, ದಪ್ಪ ಕೇಬಲ್ಲೂ ಹೊಸದು. ಸ್ಟಾರ್ಟರನ್ನು ಬಿಚ್ಚಿ ನೇರ ಬ್ಯಾಟರಿಗೆ ಹಚ್ಚಿದರೆ ಗಿರ್ರೆಂದು ತಿರುಗಿತು. ಮತ್ತೆ ಎಂಜಿನ್ನಿಗೆ ಕೂಡಿಸಿದರೆ ಮತ್ತೆ ಟಕ್.

ಮಿಸ್ತ್ರಿ ಬಂದ. ಬಾನೆಟ್ಟಿನೊಳಗೆ ಬಗ್ಗಿ ನೋಡಿ, "ಚೋಕಿನ ತಂತಿ ಎಲ್ಲೈತ್ರಿ? ಇಲ್ಲಿ ಸೆಣಬಿನ ಹುರಿ ಕಟ್ಯಾರಲ್ಲ?" ಎಂದ.

ಅದು ಅಪ್ಪನದೇ ಕೆಲಸ. 1983ರಲ್ಲಿ ಎಂಜಿನ್ ಇಳಿಸಿ ಬೋರ್ ಮಾಡಿಸಿ ತಂದಿದ್ದ. ಅಲ್ಲಿಂದ ಶುರುವಾದ ಪೀಡೆ: ಸ್ಟಾರ್ಟರ್ ಒತ್ತಿದಾಗಲೆಲ್ಲ ಚೋಕಿನ ತಂತಿ ಕಾದು ಹೊಗೆಯಾಡುತ್ತಿತ್ತು. ಎರಡು ಸಲ ತಂತಿ ಬದಲಿಸಿದ. ಎರಡೂ ಸುಟ್ಟವು. ಕೊನೆಗೆ ಬೇಸತ್ತು ಹುರಿ ಕಟ್ಟಿದ. ಹೊಗೆ ನಿಂತಿತು, ಜೊತೆಗೆ ಸ್ಟಾರ್ಟರೂ ಸುಮ್ಮನಾಯಿತು. ಆಮೇಲೆ ದಿನಾಲೂ ಹ್ಯಾಂಡಲ್ ಹೊಡೆಯುವುದು, ಇಲ್ಲವೇ ಓಣಿಯ ಹುಡುಗರು ನೂಕುವುದು.

ಮಿಸ್ತ್ರಿ ನಗಲಿಲ್ಲ. ಮೀಟರಿನ ಒಂದು ಕಡ್ಡಿ ಎಂಜಿನ್ನಿಗೆ, ಇನ್ನೊಂದು ಬ್ಯಾಟರಿಯ ಮೈನಸ್ಸಿಗೆ ಹಿಡಿದು "ಒತ್ತರಿ" ಎಂದ. ಅರ್ಧ ವೋಲ್ಟು ದಾಟಬಾರದ ಮುಳ್ಳು ಹತ್ತರ ಮೇಲೆ ಹೋಗಿ ನಿಂತಿತು. ಆಮೇಲೆ ದಪ್ಪ ಕೇಬಲ್ ಒಂದನ್ನು ಬ್ಯಾಟರಿಯ ಮೈನಸ್ಸಿನಿಂದ ಎಂಜಿನ್ನಿನ ಮೈಗೆ ಒತ್ತಿ ಹಿಡಿದ. ನಾನು ಸ್ಟಾರ್ಟರ್ ಒತ್ತಿದೆ. ಇಪ್ಪತ್ತೆರಡು ವರ್ಷ ಮಲಗಿದ್ದ ಎಂಜಿನ್ ನಾಲ್ಕು ಸುತ್ತು ತಿರುಗಿ, ಕೆಮ್ಮಿ, ಹತ್ತಿಕೊಂಡಿತು.

ವಿಷಯ ಇಷ್ಟೇ. ಬ್ಯಾಟರಿಯಿಂದ ಹೋದ ಕರೆಂಟು ತಿರುಗಿ ಬ್ಯಾಟರಿಗೆ ಬರಬೇಕು. ಹೋಗುವ ದಾರಿ ವೈರು, ಬರುವ ದಾರಿ ಗಾಡಿಯ ಕಬ್ಬಿಣ. ಆದರೆ ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ರಬ್ಬರು ಕರೆಂಟು ಬಿಡುವುದಿಲ್ಲ. ಅದಕ್ಕೇ ಎಂಜಿನ್ನಿಗೂ ಚಾಸಿಗೂ ನಡುವೆ ಹೆಣೆದ ತಾಮ್ರದ ಒಂದು ಪಟ್ಟಿ ಇರುತ್ತದೆ. ಬೋರ್ ಮಾಡಿದವರು ಎಂಜಿನ್ ತಿರುಗಿ ಕೂಡಿಸುವಾಗ ಅದನ್ನು ಮರೆತಿದ್ದರು. ಸ್ಟಾರ್ಟರಿನ ನೂರಾರು ಆಂಪಿಯರ್ ಬೇರೆ ದಾರಿ ಕಾಣದೆ ಚೋಕಿನ ಬಡಪಾಯಿ ತಂತಿಯ ಮೇಲೆ ಬಿದ್ದಿತ್ತು. ಹುರಿ ಕಟ್ಟಿದ ದಿನ ಆ ದಾರಿಯೂ ಮುಚ್ಚಿತು. ಹಳೆಯ ಗಾಡಿ ಇಟ್ಟುಕೊಂಡವರು ಇದನ್ನು ನೆನಪಿಡಿ: ಯಾವ ತಂತಿ ಸುಟ್ಟಿತೋ ತಪ್ಪು ಅದರದೇ ಆಗಿರಬೇಕೆಂದಿಲ್ಲ.

ಇಷ್ಟು ತಿಳಿದ ಮೇಲೆ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. 1986ರ ಚಳಿಗಾಲದ ಒಂದು ಮುಂಜಾವು ನೆನಪಾಯಿತು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಡಬೇಕು, ಕೆಳಗೆ ಒತ್ತಬಾರದು, ಮೇಲಕ್ಕೇ ಎಳೆಯಬೇಕು ಎಂದು ಊರಿಗೆಲ್ಲ ಹೇಳಿಕೊಟ್ಟವನು ಅಪ್ಪ. ಆ ದಿನ ಸಂತೆಗೆ ಹೊತ್ತಾಗಿತ್ತು. ಎಂಜಿನ್ ಹಿಮ್ಮೊಗನಾಗಿ ಒದೆಯಿತು. ಬಲಗೈ ಮಣಿಕಟ್ಟು ಮುರಿದು ಸೊಟ್ಟಗೇ ಕೂಡಿಕೊಂಡಿತು. ಮುಂದೆ ಹದಿನೈದು ವರ್ಷ ಅಪ್ಪ ಚಹಾದ ಬಸಿಯನ್ನು ಎಡಗೈಯಲ್ಲೇ ಹಿಡಿದ.

ಮರುದಿನ ಹೊಸ ಪಟ್ಟಿ ತಂದೆ. ಚಾಸಿಯ ಬಣ್ಣ-ತುಕ್ಕು ಕೆರೆದು ಹೊಳೆಯುವ ಕಬ್ಬಿಣಕ್ಕೆ ಬಿಗಿದೆ. ಚೋಕಿಗೆ ಹೊಸ ತಂತಿ ಹಾಕಿದೆ. ಒತ್ತಿದ ಕೂಡಲೆ ಜೀಪು ಚಾಲೂ ಆಯಿತು. ಚೋಕಿನ ತಂತಿ ಮುಟ್ಟಿ ನೋಡಿದೆ. ತಣ್ಣಗಿತ್ತು.

ಅವ್ವ ಕಟ್ಟೆ ಇಳಿದು ಬಂದಳು. "ಏನ್ ಆಗಿತ್ತೋ ಅದಕ್ಕ, ಅಷ್ಟು ದಿನ?"

ಪಟ್ಟಿ ತೋರಿಸಿದೆ. ಒಂದು ಗೇಣುದ್ದವೂ ಇಲ್ಲ.

"ಇಷ್ಟನ?"

"ಇಷ್ಟ ನೋಡವ್ವ."

ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತಳು. "ಎಷ್ಟಕ್ಕ ಬಂತು?"

ನಾನು ಕೊಟ್ಟದ್ದು ಇನ್ನೂರು ರೂಪಾಯಿ. "ಎರಡು ಸಾವಿರ ಆತವ್ವ" ಎಂದೆ.

"ಹಂಗಾರ ಆಗಿನ ಕಾಲಕ್ಕೂ ತುಟ್ಟಿನ ಇದ್ದಿರಬೇಕು ಬಿಡು" ಎಂದು, ಸೆರಗಿನಿಂದ ಬಾನೆಟ್ಟಿನ ಧೂಳು ಒರೆಸಿ ಒಳಗೆ ಹೋದಳು.