ಪಾಠ ಪುಕ್ಕಟೆ, ಪುಸ್ತಕಕ್ಕೆ ಕಾಸು!

ಅಮೆರಿಕದಲ್ಲಿ ನೆಂಟರಿದ್ದವರು ಹೇಳುವುದನ್ನು ಕೇಳಿರುತ್ತೀರಿ: ಅಲ್ಲಿ ಹೈಸ್ಕೂಲು ಮಕ್ಕಳು ಕಾಲೇಜಿನ ಪಾಠವನ್ನೂ ಓದುತ್ತಾರೆ, ಓದಿದ್ದು ಎರಡೂ ಕಡೆ ಲೆಕ್ಕಕ್ಕೆ ಬರುತ್ತದೆ, ಎಲ್ಲವೂ ಪುಕ್ಕಟೆ! ಎಲ್ಲವೂ? ಸ್ವಲ್ಪ ತಡೆಯಿರಿ.

ಏರ್ಪಾಡು ಒಳ್ಳೆಯದೇ. ಮಿನ್ನೆಸೋಟಾ ರಾಜ್ಯ 1985ರಲ್ಲೇ ಇದಕ್ಕೆ ಕಾನೂನು ಮಾಡಿತು. ಅಲ್ಲಿ ಬೋಧನಾ ಶುಲ್ಕವೂ ಇಲ್ಲ, ಪಠ್ಯಪುಸ್ತಕಕ್ಕೂ ದುಡ್ಡಿಲ್ಲ. ಬಡ ಮನೆಯ ಮಕ್ಕಳ ಓಡಾಟದ ಖರ್ಚಿಗೂ ನೆರವುಂಟು. ಕೊಟ್ಟರೆ ಹೀಗೆ ಕೊಡಬೇಕು!

ಇನ್ನು ನಮ್ಮ ಸಾಫ್ಟ್‌ವೇರ್ ಹುಡುಗರು ನೆಲೆಸಿರುವ ಸಿಯಾಟಲ್ ಕಡೆ ನೋಡಿ. ಅದಿರುವ ವಾಷಿಂಗ್ಟನ್ ರಾಜ್ಯ 1990ರಲ್ಲಿ ‘ರನ್ನಿಂಗ್ ಸ್ಟಾರ್ಟ್’ ಯೋಜನೆ ತಂದಿತು. ಹನ್ನೊಂದು, ಹನ್ನೆರಡನೇ ತರಗತಿಯವರಿಗೆ ಬೋಧನಾ ಶುಲ್ಕವಿಲ್ಲ. ಆದರೆ ಪುಸ್ತಕ, ಇತರೆ ಶುಲ್ಕ, ಬಸ್ಸಿನ ಕಾಸು ಮನೆಯವರದು! ಬಡವರಿಗೆ ಶುಲ್ಕದಲ್ಲಿ ವಿನಾಯಿತಿ ಉಂಟು, ನಿಜ. ಆದರೆ ನಾನು ಬಡವ ಎಂದು ಮೊದಲು ರುಜುವಾತು ಮಾಡಬೇಕು. ಎಂಜಿನಿಯರ್ ಮಗಳಿಗೆ ಈ ಖರ್ಚು ಲೆಕ್ಕವೇ ಅಲ್ಲ. ಹೋಟೆಲಿನಲ್ಲಿ ತಟ್ಟೆ ತೊಳೆಯುವವಳ ಮಗನಿಗೆ?

ನಾನು ಮುದ್ರಣಾಲಯ ನಡೆಸುವವನು. ಕಾಗದ, ಶಾಯಿ, ಬೈಂಡಿಂಗ್ ಯಾವುದೂ ಬಿಟ್ಟಿ ಬರುವುದಿಲ್ಲವೆಂದು ಬಲ್ಲೆ. ಪುಸ್ತಕ ಕೊಡದೆ ಪಾಠ ಕೊಟ್ಟೆ ಎನ್ನುವುದು, ಕಾಗದ ಕೊಡದೆ ಅಚ್ಚು ಹಾಕು ಎಂದಂತೆ!

ನಾಳೆ ಇಲ್ಲೂ ಯಾರಾದರೂ ‘ಅಮೆರಿಕದ ಮಾದರಿ’ ಎಂದು ಹೊತ್ತು ತಂದರೆ, ಚಪ್ಪಾಳೆ ತಟ್ಟುವ ಮೊದಲು ಕೇಳಿ: ಯಾವ ಅಮೆರಿಕ? ಮಿನ್ನೆಸೋಟಾದ್ದೋ, ವಾಷಿಂಗ್ಟನ್ನಿನದೋ? ಪುಸ್ತಕದ ದುಡ್ಡು ಯಾರದು? ಬಸ್ಸಿನ ದುಡ್ಡು ಯಾರದು? ಉತ್ತರ ಬರದಿದ್ದರೆ ತಿಳಿಯಿರಿ, ಅದು ಉಳ್ಳವರ ಮಕ್ಕಳ ಯೋಜನೆ!